ಕಾರವಾರದ ನೌಕಾನೆಲೆಗೆ ಒಂಟಿಯಾಗಿ ಬಂದವರಿಗೆ: ದಿನ ಕಟ್ಟಿಕೊಳ್ಳುವ ಬಗೆ

ಕಾರವಾರದ ನೌಕಾನೆಲೆ ಐಎನ್‌ಎಸ್ ಕದಂಬಕ್ಕೆ ಪೋಸ್ಟಿಂಗ್ ಬಂದಿದೆ. ಹೆಂಡತಿ ಮಕ್ಕಳು ಗದಗಿನಲ್ಲೋ ಹಾಸನದಲ್ಲೋ ಉಳಿದಿದ್ದಾರೆ, ಕ್ವಾರ್ಟರ್ಸ್ ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ಕೆಳಗಿದೆ. ಇಲ್ಲವೇ ನೀವು ಒಡಿಶಾದ ಚಿಲಿಕಾದಲ್ಲಿ ತರಬೇತಿ ಮುಗಿಸಿ ಮೊದಲ ಹಡಗಿಗೆ ಬರುತ್ತಿರುವ, ನಾಲ್ಕು ವರ್ಷದ ಸೇವೆಗೆ ಸೇರಿದ ಅಗ್ನಿವೀರ. ಮನೆ ಎಂದರೆ ಸದ್ಯಕ್ಕೆ ಅಪ್ಪ ಅಮ್ಮ ಮಾತ್ರ. ಇಬ್ಬರಿಗೂ ಆಗುವಂತೆ ಇದನ್ನು ಬರೆದಿದ್ದೇನೆ.

ಹಗಲನ್ನು ನೌಕಾಪಡೆ ನೋಡಿಕೊಳ್ಳುತ್ತದೆ. ಯಾವಾಗ ಏಳಬೇಕು, ಏನು ಉಡಬೇಕು, ಎಲ್ಲಿ ನಿಲ್ಲಬೇಕು, ಎಲ್ಲವೂ ಬರೆದಿಟ್ಟಿರುತ್ತದೆ. ಕೆಲಸ ಬಿಟ್ಟ ಮೇಲೆ ದೀಪ ಆರಿಸುವ ತನಕದ ನಾಲ್ಕೈದು ತಾಸನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಸೇವೆಯಲ್ಲಿದ್ದ ಕಾಲದಲ್ಲಿ ನಾನು ಕಂಡ ಒಳ್ಳೊಳ್ಳೆಯ ಹುಡುಗರು ದಾರಿ ತಪ್ಪಿದ್ದು ಬಹುತೇಕ ಆ ತಾಸುಗಳಲ್ಲಿ. ಹಾಗಾಗಿ ಕೆಳಗಿನ ಸಲಹೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತವೆ.

1. ಹೊರಡುವ ವಾರ, ಮನೆಯಲ್ಲಿ

ಟ್ರಂಕು ತುಂಬುವುದು ಕೊನೆಯ ಕೆಲಸ. ಮೊದಲು ಮನೆಯವರನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್ ಬರೆಯಿರಿ. ನಿಮ್ಮ ಸರ್ವಿಸ್ ನಂಬರು, ರ್‍ಯಾಂಕು, ಹಡಗಿನ ಅಥವಾ ಘಟಕದ ಪೂರ್ತಿ ಹೆಸರು, ಅಂಚೆ ವಿಳಾಸ, ಬ್ಯಾಂಕ್ ಖಾತೆ, ವಿಮೆ, ನಾಮಿನಿ ಯಾರು ಎನ್ನುವುದು, ಇಷ್ಟೂ ಅದರಲ್ಲಿ ಇರಲಿ. ಡ್ಯೂಟಿ ಆಫೀಸಿನ ಲ್ಯಾಂಡ್‌ಲೈನ್ ನಂಬರಿಗೆ ಒಂದು ಸಾಲು ಖಾಲಿ ಬಿಡಿ. ಜಾಯಿನ್ ಆದ ದಿನವೇ ಅದನ್ನು ಕೇಳಿ ತಿಳಿದು ಮನೆಯಲ್ಲಿ ಬರೆಸಿ. ನಿಮ್ಮ ಮೊಬೈಲು ಸಿಗದಾಗ ಮನೆಯವರಿಗೆ ಇರುವ ದಾರಿ ಅದೇ.

ಮೊದಲಾದರೆ ತಂತಿ ಇತ್ತು. ‘ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೇಟ್ಲಿ’ ಎಂದು ಬಂದರೆ ಮೇಲಿನವರು ತಂತಿಯನ್ನೂ ನಮ್ಮ ಮುಖವನ್ನೂ ಸರದಿಯಲ್ಲಿ ನೋಡುತ್ತಿದ್ದರು. ಎಷ್ಟೋ ಸಲ ತಾಯಿ ಗಟ್ಟಿಮುಟ್ಟಾಗಿಯೇ ಇರುತ್ತಿದ್ದಳು, ಊರಿನಲ್ಲಿ ಸುಗ್ಗಿಗೆ ಆಳು ಸಾಲದಾಗಿರುತ್ತಿತ್ತು, ಅಷ್ಟೆ. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಈಗ ಆಸ್ಪತ್ರೆ ಚೀಟಿಯ ಫೋಟೊ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ನೀವು ಡ್ಯೂಟಿಯಲ್ಲಿದ್ದು ಫೋನು ಬೇರೆ ಕಡೆ ಇದ್ದರೆ ಅದನ್ನು ನೋಡುವವರು ಯಾರೂ ಇಲ್ಲ. ಅದಕ್ಕೇ ಲ್ಯಾಂಡ್‌ಲೈನ್ ನಂಬರು.

ಮನೆವಾರ್ತೆಯ ಕೆಲಸ ಹಂಚುವಾಗ ಹೆಸರು ಹಿಡಿದು ಹಂಚಿ. ‘ಯಾರಾದರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆಯವರಾದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸುವುದು ಯಾರು, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಮುಂಗಡ ಹೇಳುವುದು ಯಾರು, ಅಡಿಕೆ ಸೊಸೈಟಿಗೆ ಹಾಕುವುದು ಯಾರ ಹೆಸರಿನಲ್ಲಿ, ಇಷ್ಟನ್ನೂ ಬಾಯಿಬಿಟ್ಟು ಮಾತಾಡಿ. ಬಯಲುಸೀಮೆಯವರಿಗೆ ಬಿತ್ತನೆ, ಬೆಳೆವಿಮೆ, ಪಂಪ್‌ಸೆಟ್ ರಿಪೇರಿ. ಅಣ್ಣನೋ ಬಾವನೋ ಮಾಡುವುದಾದರೆ ಅವರ ಎದುರಿಗೇ ಹೆಂಡತಿಗೆ ಹೇಳಿ. ಇಲ್ಲವಾದರೆ ಆಕೆ ಕೇಳಲು ಸಂಕೋಚಪಡುತ್ತಾಳೆ, ಅವರು ಹೇಳಲು ಮರೆಯುತ್ತಾರೆ. ಸಂಬಳ ಬೀಳುವ ಖಾತೆ ಜಂಟಿಯಾಗಿರಲಿ. ಎಟಿಎಂ ಕಾರ್ಡ್ ಕೊಟ್ಟು ಹೋದರೆ ಸಾಕು ಎಂಬುದು ಹಳೆಯ ಕಾಲದ ಮಾತು. ಪಾಸ್‌ವರ್ಡ್ ಮರೆತ ದಿನ ಬ್ಯಾಂಕಿನವರು ಸಹಿ ಕೇಳುತ್ತಾರೆ.

ಇನ್ನೊಂದು ಮಾತು ತಪ್ಪದೆ ಆಗಬೇಕು. ನಿಮ್ಮ ಫೋನು ಹೇಳದೆ ಕೇಳದೆ ನಿಂತುಹೋಗುವ ದಿನಗಳಿರುತ್ತವೆ. ಹಡಗು ಸೇಲಿಂಗ್‌ಗೆ ಹೋದರೆ ದಡದಿಂದ ಸ್ವಲ್ಪ ದೂರದಲ್ಲೇ ಸಿಗ್ನಲ್ ಹೋಗುತ್ತದೆ. ಯಾವಾಗ ಹೊರಡುತ್ತೇವೆ, ಯಾವಾಗ ಬರುತ್ತೇವೆ ಎಂದು ಮನೆಗೂ ಹೇಳುವಂತಿಲ್ಲ. ‘ಫೋನು ಬರದಿದ್ದರೆ ಕೆಲಸದಲ್ಲಿದ್ದಾನೆ ಎಂದು ತಿಳಿಯಿರಿ, ಕೆಟ್ಟ ಸುದ್ದಿ ಇದ್ದರೆ ಅದನ್ನು ಮುಟ್ಟಿಸುವ ವ್ಯವಸ್ಥೆ ಬೇರೆಯೇ ಇದೆ’ ಎಂದು ಮನೆಯ ಹಿರಿಯರಿಗೆ ಮೊದಲೇ ಒಪ್ಪಿಸಿ. ಕೆಲವರು ಬುದ್ಧಿವಂತಿಕೆ ಮಾಡಿ ಗುಟ್ಟಿನ ಮಾತು ಕಟ್ಟಿಕೊಳ್ಳುತ್ತಾರೆ, ‘ಅಜ್ಜಿ ಮನೆಗೆ ಹೋಗ್ತೇನೆ ಅಂದರೆ ಸೇಲಿಂಗ್’ ಅಂತ. ಬೇಡ. ಅದು ಗುಟ್ಟಾಗಿ ಉಳಿಯುವುದು ಮೊದಲ ವಾರ ಮಾತ್ರ.

2. ದಾರಿ ಮತ್ತು ಟ್ರಂಕು

ಬೆಂಗಳೂರಿನಿಂದ ಬರುವವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಿಗ್ಗೆ ಕಾರವಾರ. ರೈಲು ನಿಲ್ದಾಣ ಊರ ಹೊರಗೆ ಶಿರವಾಡದಲ್ಲಿದೆ, ಅಲ್ಲಿಂದ ಆಟೊ ಹಿಡಿಯಬೇಕು. ಹುಬ್ಬಳ್ಳಿ ಕಡೆಯವರಿಗೆ ಇವತ್ತಿಗೂ ನೇರ ರೈಲಿಲ್ಲ; ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾರಿಯ ಬಸ್ಸೇ ಗತಿ. ಶಿರಸಿಯವರು ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಬರಬಹುದು. ಮಳೆಗಾಲದಲ್ಲಿ ಮಾತ್ರ ಯಾವ ದಾರಿಯನ್ನೂ ನಂಬಿ ಕೂರಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ಎಷ್ಟೋ ದಿನ ಮುಚ್ಚಿತು. ಕೊಂಕಣ ರೈಲ್ವೆಗೂ ಮಳೆಗಾಲದ ವೇಳಾಪಟ್ಟಿ ಬೇರೆ, ವೇಗವೂ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಜಾಯಿನ್ ಆಗುವವರು, ರಜೆಯಿಂದ ಮರಳುವವರು ಒಂದು ದಿನ ಮುಂಚೆ ಹೊರಡಿ. ‘ಗುಡ್ಡ ಬಿದ್ದಿತ್ತು ಸರ್’ ಎಂಬುದು ನಿಜವೇ ಆದರೂ ತಡವಾಗಿದ್ದಕ್ಕೆ ಬರೆದುಕೊಡಬೇಕಾಗುತ್ತದೆ.

ಟ್ರಂಕಿನ ವಿಷಯಕ್ಕೆ ಬಂದರೆ, ಇಲ್ಲಿನ ದೊಡ್ಡ ಶತ್ರು ಬೂಷ್ಟು. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ಧಾರವಾಡದಲ್ಲಿ ಮಧ್ಯಾಹ್ನಕ್ಕೆ ಒಣಗುವ ಬಟ್ಟೆ ಇಲ್ಲಿ ಆಷಾಢದಲ್ಲಿ ಮೂರು ದಿನ ಹಸಿ ಹಸಿ ವಾಸನೆ ಹೊಡೆಯುತ್ತದೆ. ಬಿಳಿ ಸಮವಸ್ತ್ರದ ಮೇಲೆ ಒಮ್ಮೆ ಕಪ್ಪು ಚುಕ್ಕೆ ಬಿತ್ತೆಂದರೆ ಹೋಗುವುದಿಲ್ಲ. ತೊಳೆದದ್ದನ್ನು ಫ್ಯಾನಿನ ಕೆಳಗೆ ಹರವಿ, ಪೂರ್ತಿ ಒಣಗುವ ಮೊದಲೇ ಇಸ್ತ್ರಿ ಮಾಡಿ, ಇಸ್ತ್ರಿಯ ಬಿಸಿ ಆರಿದ ಮೇಲೆ ಲಾಕರಿಗೆ ಇಡಿ. ಬೂಟಿನೊಳಗೆ ಹಳೆ ಪೇಪರ್ ತುರುಕಿ. ಪ್ರಮಾಣಪತ್ರ, ಆಧಾರ್ ಪ್ರತಿಗಳಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಮನೆಯಿಂದ ಹಪ್ಪಳ, ಸಂಡಿಗೆ ಕಟ್ಟಿಕೊಡುತ್ತಾರೆ. ಅದು ಇಲ್ಲಿ ನಿಲ್ಲುವುದಿಲ್ಲ. ಉಪ್ಪಿನಕಾಯಿ ನಿಲ್ಲುತ್ತದೆ. ಅಪ್ಪೆಮಿಡಿಯ ಭರಣಿಯೊಂದು ಮೆಸ್ಸಿನಲ್ಲಿ ನಿಮಗೆ ಸಂಪಾದಿಸಿಕೊಡುವ ಗೆಳೆಯರನ್ನು ಬೇರಾವುದೂ ಕೊಡದು.

3. ಮೊದಲ ವಾರ

ಜಾಯಿನಿಂಗ್ ರೂಟೀನ್ ಎಂದು ಒಂದು ಚೀಟಿ ಕೊಡುತ್ತಾರೆ. ಅದನ್ನು ಹಿಡಿದು ಒಂದೊಂದೇ ವಿಭಾಗಕ್ಕೆ ಹೋಗಿ ಸಹಿ ಹಾಕಿಸಿಕೊಂಡು ಬರಬೇಕು. ಹೊಸಬರು ಇದನ್ನು ಓಡಾಟದ ಪೀಡೆ ಎಂದುಕೊಂಡು ಅರ್ಧ ದಿನದಲ್ಲಿ ಮುಗಿಸಲು ನೋಡುತ್ತಾರೆ. ಅವಸರ ಬೇಡ. ಸಂಬಳದ ಕಡತ ಯಾರ ಬಳಿ ಇರುತ್ತದೆ, ಔಷಧಿ ಯಾವ ಹೊತ್ತಿಗೆ ಕೊಡುತ್ತಾರೆ, ರಜೆ ಅರ್ಜಿ ಯಾರ ಮೇಜಿನಿಂದ ಶುರುವಾಗುತ್ತದೆ, ಇವನ್ನೆಲ್ಲ ಕಣ್ಣಾರೆ ನೋಡುವ ಅವಕಾಶ ಮತ್ತೆ ಇಷ್ಟು ಸುಲಭಕ್ಕೆ ಬರುವುದಿಲ್ಲ. ಹೋದಲ್ಲೆಲ್ಲ ಒಬ್ಬರ ಹೆಸರನ್ನಾದರೂ ಕೇಳಿ ಬರೆದುಕೊಳ್ಳಿ.

ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯದಂಥ ಹಡಗು ಸಿಕ್ಕರೆ ಮೊದಲ ಕೆಲವು ದಿನ ದಾರಿ ತಪ್ಪುವುದು ಖಂಡಿತ. 284 ಮೀಟರ್ ಉದ್ದ, 22 ಡೆಕ್, 1,600ಕ್ಕೂ ಹೆಚ್ಚು ಜನ. ತಿಂಗಳಿಗೆ ಸುಮಾರು ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ ಬೇಕಾಗುವ ಮನೆ ಅದು. ಮಲಗುವ ಬಂಕಿನಿಂದ ಊಟದ ಜಾಗ, ಕೆಲಸದ ಜಾಗ, ತುರ್ತು ದಾರಿ, ಈ ಮೂರಕ್ಕೆ ಕಣ್ಣು ಮುಚ್ಚಿ ಹೋಗುವಷ್ಟು ಅಭ್ಯಾಸ ಮಾಡಿಕೊಳ್ಳಿ. ಉಳಿದದ್ದು ತಾನಾಗಿ ಬರುತ್ತದೆ.

ಆ ವಾರದ ಮುಖ್ಯ ಕೆಲಸ ನಿಮ್ಮ ಡಿವಿಜನಲ್ ಆಫೀಸರ್ ಜೊತೆ ಹತ್ತು ನಿಮಿಷ ಮಾತಾಡುವುದು. ನೌಕಾಪಡೆಯಲ್ಲಿ ಪ್ರತಿ ನಾವಿಕನ ಸುಖದುಃಖ ಕೇಳಲು ಒಬ್ಬ ಅಧಿಕಾರಿ ಇದ್ದೇ ಇರುತ್ತಾರೆ, ಅದು ಅವರ ಕರ್ತವ್ಯದ ಭಾಗ. ಅಪ್ಪನಿಗೆ ಡಯಾಲಿಸಿಸ್ ನಡೆಯುತ್ತಿದೆ, ಹೆಂಡತಿಗೆ ಏಳು ತಿಂಗಳು, ಊರಿನಲ್ಲಿ ಜಮೀನು ವ್ಯಾಜ್ಯ ಇದೆ ಎನ್ನುವಂಥದ್ದನ್ನೆಲ್ಲ ಕಷ್ಟ ಬಂದ ದಿನ ಹೇಳುವ ಬದಲು ಮೊದಲೇ ಹೇಳಿ. ನಮ್ಮ ಕಡೆಯ ಹುಡುಗರಿಗೆ ‘ಬಂದ ಕೂಡಲೇ ಗೋಳು ಹೇಳಿಕೊಳ್ಳೋದು ಹೇಗೆ’ ಎಂಬ ನಾಚಿಕೆ ಜಾಸ್ತಿ. ಅಧಿಕಾರಿಗೆ ಅದು ಗೋಳಲ್ಲ, ಮಾಹಿತಿ. ಮುಂದೆ ತುರ್ತು ರಜೆ ಕೇಳಿದಾಗ ಅವರು ನಿಮ್ಮ ಪರ ಮಾತಾಡುವುದು ಆ ಮಾಹಿತಿಯಿಂದಲೇ. ಜಮೀನಿನ ವ್ಯಾಜ್ಯ ಇರುವವರು 1925ರ ಇಂಡಿಯನ್ ಸೋಲ್ಜರ್ಸ್ ಲಿಟಿಗೇಷನ್ ಕಾಯ್ದೆಯ ಬಗ್ಗೆ ವಕೀಲರನ್ನು ಕೇಳಿ. ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವವನ ಬೆನ್ನ ಹಿಂದೆ ಸಿವಿಲ್ ಕೇಸು ತೀರ್ಮಾನವಾಗದಂತೆ ರಕ್ಷಣೆ ಕೊಡುವ ಕಾಯ್ದೆ ಅದು.

4. ವಾಚು ಮತ್ತು ನಿದ್ದೆ

ಹಡಗಿನ ದಿನವನ್ನು ಏಳು ವಾಚುಗಳಾಗಿ, ಅಂದರೆ ಕಾವಲಿನ ಸರದಿಗಳಾಗಿ, ಒಡೆದಿರುತ್ತಾರೆ. ರಾತ್ರಿ 8ರಿಂದ 12 ಫಸ್ಟ್, 12ರಿಂದ 4 ಮಿಡಲ್, 4ರಿಂದ 8 ಮಾರ್ನಿಂಗ್, ಹೀಗೆ ನಾಲ್ಕು ತಾಸಿನವು. ಸಂಜೆ 4ರಿಂದ 8ರ ನಡುವಿನದನ್ನು ಮಾತ್ರ ಎರಡು ತಾಸಿನ ಎರಡು ಡಾಗ್ ವಾಚುಗಳಾಗಿ ಸೀಳಿದ್ದಾರೆ. ಏಳು ಬೆಸಸಂಖ್ಯೆ ಆದ್ದರಿಂದ ಸರದಿ ದಿನದಿನಕ್ಕೂ ಜರುಗುತ್ತದೆ, ಒಬ್ಬನಿಗೇ ನಡುರಾತ್ರಿಯ ವಾಚು ಅಂಟಿಕೊಳ್ಳುವುದಿಲ್ಲ. ಸಂಜೆ ಊಟವೂ ಎಲ್ಲರಿಗೂ ಸಿಗುತ್ತದೆ.

ಮಿಡಲ್ ವಾಚ್ ಇದ್ದ ದಿನ ರಾತ್ರಿ 8ಕ್ಕೇ ಮಲಗಿ. ‘ಹನ್ನೆರಡಕ್ಕೆ ಹೇಗೂ ಏಳಬೇಕು, ಅಲ್ಲಿ ತನಕ ರೀಲ್ಸ್ ನೋಡೋಣ’ ಎಂದವನು ಮೂರು ಗಂಟೆಗೆ ನಿಂತಲ್ಲೇ ತೂಗುತ್ತಾನೆ. ಕಾವಲಿನಲ್ಲಿ ನಿದ್ದೆ ಹೋಗುವುದು ಇಲ್ಲಿ ಶಿಕ್ಷೆಯಾಗುವ ಅಪರಾಧ. ನಾಲ್ಕಕ್ಕೆ ಮರಳಿದ ಮೇಲೆ ಚಹಾ ಬೇಡ, ಫೋನೂ ಬೇಡ, ಮುಖ ತೊಳೆದು ನೇರ ಬಂಕಿಗೆ. ಮಿಡಲ್ ವಾಚ್ ಇಳಿದ ಹೊತ್ತಿನಲ್ಲಿ ಮನೆಯ ನೆನಪು ವಿಪರೀತ ಬರುತ್ತದೆ. ಆಗ ಹೆಂಡತಿಗೆ ಉದ್ದುದ್ದ ಮೆಸೇಜು ಬರೆದರೆ ಬೆಳಿಗ್ಗೆ ಓದಿದವಳಿಗೆ ದಿಗಿಲು. ಬರೆಯಲೇಬೇಕು ಅನ್ನಿಸಿದರೆ ಕಾಗದದಲ್ಲಿ ಬರೆದಿಡಿ, ಹಗಲಾದ ಮೇಲೆ ಇನ್ನೊಮ್ಮೆ ಓದಿ ಕಳಿಸಿ.

5. ಸಂಜೆಯ ತಾಸುಗಳು

ಡ್ಯೂಟಿ ಇಲ್ಲದ ಸಂಜೆ ಲಿಬರ್ಟಿ, ಅಂದರೆ ಹೊರಗೆ ಹೋಗುವ ಅನುಮತಿ, ಸಿಗುತ್ತದೆ. ಮೊದಲ ತಿಂಗಳು ಎಲ್ಲರೂ ಊರೊಳಗೆ ಓಡುತ್ತಾರೆ. ಎರಡನೇ ತಿಂಗಳಿಗೆ ದುಡ್ಡು ಮುಗಿದು ಮೆಸ್ಸಿನಲ್ಲೇ ಮಲಗಿ ಫೋನು ತಿಕ್ಕುತ್ತಾರೆ. ಮೂರನೆಯದರಲ್ಲಿ, ‘ಇಲ್ಲಿ ಏನೂ ಇಲ್ಲ ಮಾರಾಯ’ ಎಂಬ ರಾಗ ಶುರು. ಇದನ್ನು ತಪ್ಪಿಸಲು ವಾರದ ಸಂಜೆಗಳಿಗೆ ಮೊದಲ ವಾರವೇ ಹೆಸರಿಡಿ. ಎಲ್ಲ ಸಂಜೆಗೂ ಬೇಡ, ಮೂರಕ್ಕೆ ಸಾಕು. ಒಂದು ದೇಹಕ್ಕೆ, ಒಂದು ಓದಿಗೆ, ಒಂದು ಜನರ ಜೊತೆಗೆ. ಉಳಿದವು ಬಟ್ಟೆ, ಬೂಟು, ನಿದ್ದೆಯಲ್ಲಿ ಕಳೆದುಹೋಗುತ್ತವೆ, ಹೋಗಲಿ.

ದೇಹಕ್ಕೆಂದರೆ ಬೆಳಗಿನ ಪಿಟಿ ಲೆಕ್ಕಕ್ಕಿಲ್ಲ, ಅದು ಹುಕುಂ. ಸಂಜೆ ನೀವಾಗಿ ಆರಿಸಿದ ಆಟ ಬೇಕು. ವಾಲಿಬಾಲ್, ಕಬಡ್ಡಿಗೆ ಜನ ಯಾವಾಗಲೂ ಸಿಗುತ್ತಾರೆ. ಕಬಡ್ಡಿಯಲ್ಲಿ ಹರಿಯಾಣದವರ ಎದುರು ಒಂದು ಪಾಯಿಂಟ್ ತೆಗೆದರೆ ಆ ವಾರ ಹೇಗೆ ಹೋಯಿತೆಂದೇ ಗೊತ್ತಾಗುವುದಿಲ್ಲ.

ಓದಿನ ಸಂಜೆಯ ಬಗ್ಗೆ ಅಗ್ನಿವೀರರಿಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ನಾಲ್ಕು ವರ್ಷ ಮುಗಿದ ಮೇಲೆ ಕಾಯಂ ಆಗುವವರು ಹೆಚ್ಚೆಂದರೆ 25 ಶೇಕಡ. ‘ನಾನು ಆ ಇಪ್ಪತ್ತೈದರಲ್ಲಿ ಇದ್ದೇನೆ’ ಎಂದು ಎಲ್ಲರೂ ನಂಬಿರುತ್ತಾರೆ. ನಂಬಿ, ಜೊತೆಗೆ ಓದಿ. ಹತ್ತನೇ ತರಗತಿ ಮುಗಿಸಿ ಬಂದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಮೂಲಕ ಹನ್ನೆರಡನೆಯ ತರಗತಿಯ ಪ್ರಮಾಣಪತ್ರದ ದಾರಿ ಇದೆ. ಇಗ್ನೊ ಮುಕ್ತ ವಿಶ್ವವಿದ್ಯಾಲಯದ ಪದವಿಯಲ್ಲಿ ಸೇವೆಯ ತರಬೇತಿಗೇ ಅರ್ಧದಷ್ಟು ಕ್ರೆಡಿಟ್ ಸಿಗುವ ವ್ಯವಸ್ಥೆ ಮಾಡಿದ್ದಾರೆ. ಉಳಿದರ್ಧ ನಿಮ್ಮ ಪಾಲಿನದು, ಅದಕ್ಕೆ ವಾರದಲ್ಲಿ ಒಂದು ಸಂಜೆಯಾದರೂ ಬೇಕು. ಅರ್ಜಿ, ದಿನಾಂಕಗಳ ಬಗ್ಗೆ ನಿಮ್ಮ ಎಜುಕೇಶನ್ ಆಫೀಸರ್ ಬಳಿ ಕೇಳಿ, ಯೂಟ್ಯೂಬಿನಲ್ಲಿ ಕೂಗಾಡುವವರ ಬಳಿ ಬೇಡ. ಓದುವ ಜಾಗ ಮೆಸ್ ಆಗಿರಬಾರದು. ಅಲ್ಲಿ ಒಬ್ಬ ಕ್ರಿಕೆಟ್ ಹಾಕಿದರೆ ಮುಗಿಯಿತು. ಲೈಬ್ರರಿಯಲ್ಲಿ ಒಂದು ಕುರ್ಚಿ ಹಿಡಿದುಕೊಳ್ಳಿ.

ಜನರ ಜೊತೆಗಿನ ಸಂಜೆ ಎಂದರೆ ಕನ್ನಡದವರ ಜೊತೆ ಮಾತ್ರ ಎಂದಲ್ಲ. ಕನ್ನಡ ಮಾತಾಡಿದರೆ ಮನಸ್ಸು ಹಗುರಾಗುತ್ತದೆ, ನಿಜ; ಮೆಸ್ಸಿನಲ್ಲಿ ‘ಊಟ ಆತಾ?’ ಎಂದು ಯಾರಾದರೂ ಕೇಳಿದರೆ ಸಾಕು, ಆ ದಿನದ ಅರ್ಧ ಭಾರ ಇಳಿಯುತ್ತದೆ. ಆದರೆ ಅದೇ ನಾಲ್ಕು ಜನ ದಿನವೂ ಕೂತು ಊರಿನ ಸುದ್ದಿಯನ್ನೇ ಅರೆದರೆ ಮನೆಯ ಹಂಬಲ ಕಡಿಮೆಯಾಗುವ ಬದಲು ಬೆಳೆಯುತ್ತದೆ. ಬಿಹಾರದವನ ಛಟ್, ಕೇರಳದವನ ಓಣಂ, ನಿಮ್ಮ ಯುಗಾದಿ ಮೂರನ್ನೂ ಒಂದೇ ಮೆಸ್ಸಿನಲ್ಲಿ ಮಾಡಿ. ಗ್ಯಾಲಿಯ ಅಡುಗೆಯವರನ್ನು ಮೊದಲೇ ಕೇಳಿಕೊಂಡರೆ ಬೇವುಬೆಲ್ಲಕ್ಕೆ ಬೆಲ್ಲ ಕೊಡುತ್ತಾರೆ. ಬೇವು ನೀವೇ ತರಬೇಕು.

ಕುಡಿತದ ಬಗ್ಗೆ ಉಪದೇಶ ಮಾಡುವುದಿಲ್ಲ. ಎರಡೇ ಕಟ್ಟಳೆ ಇಟ್ಟುಕೊಳ್ಳಿ: ಒಬ್ಬನೇ ಕೂತು ಕುಡಿಯುವುದಿಲ್ಲ, ಮನೆಗೆ ಫೋನ್ ಮಾಡುವ ಮೊದಲು ಕುಡಿಯುವುದಿಲ್ಲ.

6. ಫೋನು

2019ರ ಡಿಸೆಂಬರ್‌ನಲ್ಲಿ ಆಂಧ್ರಪ್ರದೇಶ ಪೊಲೀಸರು ಬೇಹುಗಾರಿಕೆ ಪ್ರಕರಣವೊಂದರಲ್ಲಿ ವಿಶಾಖಪಟ್ಟಣ, ಮುಂಬಯಿ, ಕಾರವಾರಗಳಿಂದ ಏಳು ಮಂದಿ ನೌಕಾ ಸಿಬ್ಬಂದಿಯನ್ನು ಬಂಧಿಸಿದರು. ಫೇಸ್‌ಬುಕ್‌ನಲ್ಲಿ ಸಿಕ್ಕ ಹೆಣ್ಣಿನ ಹೆಸರಿನ ಗೆಳೆತನದಿಂದ ಶುರುವಾಗಿ ಹಡಗುಗಳ ಓಡಾಟದ ಮಾಹಿತಿಯವರೆಗೆ ಹೋದ ಕತೆ. ಅದೇ ತಿಂಗಳ ಕೊನೆಗೆ ನೌಕಾಪಡೆ ಹಡಗು, ನೆಲೆ, ಡಾಕ್‌ಯಾರ್ಡ್‌ಗಳಲ್ಲಿ ಸ್ಮಾರ್ಟ್‌ಫೋನು, ಫೇಸ್‌ಬುಕ್ಕು ಎರಡನ್ನೂ ನಿಷೇಧಿಸಿತು. ನಿಮ್ಮ ಘಟಕದಲ್ಲಿ ಇಂದು ಎಲ್ಲಿ, ಯಾವ ಫೋನು ಸಲ್ಲುತ್ತದೆ ಎಂದು ಮೊದಲ ದಿನವೇ ಕೇಳಿ, ಅದನ್ನೇ ಅನುಸರಿಸಿ. ‘ಎಲ್ಲರೂ ಇಟ್ಕೊಂಡಿದಾರೆ’ ಎಂಬುದು ತನಿಖೆಯ ಎದುರು ನಿಲ್ಲುವುದಿಲ್ಲ.

ಮನೆಯವರಿಗೂ ಪಾಠ ಬೇಕು. ಸಮವಸ್ತ್ರದ ಫೋಟೊವನ್ನು ಡಿಪಿಗೆ ಹಾಕುವುದು, ‘ನಮ್ಮ ತಮ್ಮ ಇಂಥ ಹಡಗಿನಲ್ಲಿದ್ದಾನೆ, ನಾಡಿದ್ದು ಬರ್ತಾನೆ’ ಎಂದು ಕುಟುಂಬದ ಗ್ರೂಪಿನಲ್ಲಿ ಬರೆಯುವುದು, ಲೈವ್ ಲೊಕೇಶನ್ ಕೇಳುವುದು, ಎಲ್ಲವೂ ಪ್ರೀತಿಯಿಂದಲೇ. ಅಕ್ಕನಿಗೆ ಗದರಬೇಡಿ. ಒಮ್ಮೆ ಕೂತು ಯಾಕೆ ಬೇಡ ಎಂದು ಹೇಳಿದರೆ ಆಕೆಯೇ ಉಳಿದವರನ್ನು ಗದರುತ್ತಾಳೆ.

ಇನ್ನು ಮಾತಿನ ವಿಷಯ. ದಿನವೂ ಒಂದು ತಾಸು ಮಾತಾಡುತ್ತೇವೆ ಎಂಬ ದಂಪತಿಗಿಂತ ದಿನವೂ ಐದು ನಿಮಿಷ, ವಾರಕ್ಕೊಮ್ಮೆ ನಿಧಾನವಾಗಿ ಅರ್ಧ ತಾಸು ಮಾತಾಡುವವರು ಹೆಚ್ಚು ನೆಮ್ಮದಿಯಾಗಿರುವುದನ್ನು ಕಂಡಿದ್ದೇನೆ. ಒಂದು ತಾಸಿನ ಮಾತು ಹತ್ತು ನಿಮಿಷಕ್ಕೆ ಖಾಲಿಯಾಗಿ ‘ಮತ್ತೇನು?’ ‘ಏನಿಲ್ಲ, ನೀವೇ ಹೇಳಿ’ ಎಂಬಲ್ಲಿಗೆ ಬರುತ್ತದೆ, ಅಲ್ಲಿಂದ ಜಗಳಕ್ಕೆ ಎರಡೇ ಹೆಜ್ಜೆ. ಐದು ನಿಮಿಷದ ಕರೆಗೆ ಮೊದಲು ಆ ನೋಟ್‌ಬುಕ್ಕಿನ ಒಂದು ವಿಷಯ ಹಿಡಿಯಿರಿ: ಗ್ಯಾಸ್ ಸಿಲಿಂಡರ್ ಬಂತಾ, ಮಗಳ ಪರೀಕ್ಷೆ ಎಂದು, ಅತ್ತೆಯ ಮಂಡಿನೋವು ಹೇಗಿದೆ. ನೀವೂ ಏನಾದರೂ ಹೇಳಿ. ಕೆಲಸದ ಸುದ್ದಿ ಹೇಳುವಂತಿಲ್ಲದಿದ್ದರೂ ಊಟದ್ದು ಹೇಳಬಹುದು, ಪಕ್ಕದ ಬಂಕಿನವನ ಗೊರಕೆಯದು ಹೇಳಬಹುದು. ಅಮ್ಮನಿಗೆ ಬೇರೆಯೇ ಕರೆ ಮಾಡಿ. ಸೊಸೆಯ ಫೋನಿನಲ್ಲಿ ಎರಡು ನಿಮಿಷ ಅತ್ತೆಗೆ ಕೊಡಿಸುವ ಪದ್ಧತಿಯಿಂದ ಇಬ್ಬರಿಗೂ ಸಮಾಧಾನವಿಲ್ಲ.

ಜಗಳ ಫೋನಿನಲ್ಲಿ ತೀರುವುದಿಲ್ಲ. ಬಿಸಿ ಏರಿದರೆ, ‘ಭಾನುವಾರ ಮಾತಾಡೋಣ’ ಎಂದು ದಿನ ಹೇಳಿ ಇಡಿ, ಮತ್ತು ಭಾನುವಾರ ಮಾತಾಡಿ. ಸಣ್ಣ ಮಕ್ಕಳಿರುವವರು ಒಂದು ಕೆಲಸ ಮಾಡಬಹುದು. ರಜೆಯಲ್ಲಿದ್ದಾಗ ಹತ್ತಾರು ಕತೆಗಳನ್ನು ನಿಮ್ಮ ದನಿಯಲ್ಲೇ ಹೆಂಡತಿಯ ಫೋನಿಗೆ ರೆಕಾರ್ಡ್ ಮಾಡಿಟ್ಟು ಬನ್ನಿ. ಪುಣ್ಯಕೋಟಿ ಆದರೂ ಸರಿ, ನೀವೇ ಕಟ್ಟಿದ ಕತೆಯಾದರೂ ಸರಿ. ಸೇಲಿಂಗ್‌ನ ದಿನಗಳಲ್ಲಿ ಮಲಗುವ ಹೊತ್ತಿಗೆ ಒಂದೊಂದು ಹಾಕುತ್ತಾಳೆ. ಮಕ್ಕಳಿಗೆ ಅಪ್ಪನ ಮುಖಕ್ಕಿಂತ ದನಿ ಬೇಗ ಮರೆಯುತ್ತದೆ ಎನ್ನುವುದು ನನ್ನ ಅನುಭವ.

7. ದುಡ್ಡು

ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000. ಅದರಲ್ಲಿ 9,000 ನಿಧಿಗೆ ಹೋಗಿ ಕೈಗೆ 21,000. ನಾಲ್ಕನೇ ವರ್ಷ 40,000ದಲ್ಲಿ ಕೈಗೆ 28,000. ಸರ್ಕಾರವೂ ಅಷ್ಟೇ ಸೇರಿಸಿ ಕೊನೆಗೆ ಸೇವಾನಿಧಿ ಎಂದು ಬಡ್ಡಿ ಬಿಟ್ಟು ಸುಮಾರು 10.04 ಲಕ್ಷ. ಆ ಮೊತ್ತವನ್ನು ಈಗಲೇ ಖರ್ಚು ಮಾಡಿಬಿಟ್ಟ ಹಾಗೆ ಬೈಕು ಸಾಲ ತೆಗೆಯುವವರಿದ್ದಾರೆ. ಊಟ, ವಸತಿ, ಸಮವಸ್ತ್ರ ಸರ್ಕಾರದ್ದೇ ಆದ್ದರಿಂದ 21,000ದಲ್ಲಿ ಅರ್ಧ ಮನೆಗೆ ಅಥವಾ ಆರ್‌ಡಿಗೆ ಸಂಬಳದ ದಿನವೇ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಫೋನಿನ ಸಾಲದ ಆ್ಯಪು, ಬೆಟ್ಟಿಂಗು ಎರಡರ ಹತ್ತಿರವೂ ಸುಳಿಯಬೇಡಿ. ಗೆಳೆಯನಿಗೆ ಜಾಮೀನು ನಿಲ್ಲಬೇಡಿ.

8. ಗೇಟಿನ ಹೊರಗೆ

ನೆಲೆ ಇರುವುದು ಅರಗಾದಲ್ಲಿ, ಕಾರವಾರ ಪೇಟೆಯ ದಕ್ಷಿಣಕ್ಕೆ, ಹೆದ್ದಾರಿ 66ರ ಮಗ್ಗುಲಿಗೆ. ಊರವರು ಇದನ್ನು ಕದಂಬ ಎನ್ನುವುದು ಕಡಿಮೆ. ‘ಸೀಬರ್ಡಿನವ್ರಾ?’ ಎಂದೇ ಕೇಳುತ್ತಾರೆ. ನೆಲೆ ಕಟ್ಟುವ ಯೋಜನೆಯ ಹೆಸರು ಸೀಬರ್ಡ್. ಆ ಮಾತಿನ ಹಿಂದೆ ಒಂದು ಚರಿತ್ರೆ ಇದೆ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಇಲ್ಲಿ ಅಡಿಗಲ್ಲಿಟ್ಟರು, 2005ರ ಮೇ 31ರಂದು ನೆಲೆ ಕಾರ್ಯಾರಂಭ ಮಾಡಿತು. ನಡುವೆ ಹನ್ನೊಂದು ಸಾವಿರಕ್ಕೂ ಹೆಚ್ಚು ಎಕರೆ ಜಾಗಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕಿನ ಊರುಗಳ ಸಾವಿರಾರು ಕುಟುಂಬ ಮನೆ ಗದ್ದೆ ಬಿಟ್ಟವು, ಮೀನುಗಾರರು ಹಳೆಯ ದಡ ಕಳೆದುಕೊಂಡರು. ಪರಿಹಾರದ ವ್ಯಾಜ್ಯ ದಶಕಗಳ ಕಾಲ ಎಳೆಯಿತು. ನೀವು ಹತ್ತಿದ ಆಟೊದವನ ಅಜ್ಜನ ಮನೆ ಇದ್ದದ್ದು ಇವತ್ತು ನೀವು ಪರೇಡ್ ಮಾಡುವ ಜಾಗದಲ್ಲಿ ಇರಬಹುದು. ಹತ್ತು ರೂಪಾಯಿಗೆ ಜಟಾಪಟಿ ಮಾಡುವ ಮುಂಚೆ ಇದು ತಲೆಯಲ್ಲಿರಲಿ. ‘ನಾವು ದೇಶ ಕಾಯ್ತೇವೆ’ ಎಂಬ ಗತ್ತು ಈ ಊರಿನಲ್ಲಿ ಚಲಾವಣೆಗೆ ಬರುವುದಿಲ್ಲ. ಈ ಊರೂ ತನ್ನ ಪಾಲು ಕೊಟ್ಟಿದೆ.

ಪೇಟೆಯಲ್ಲಿ ಕನ್ನಡ ನಡೆಯುತ್ತದೆ, ಮನೆಮಾತು ಹೆಚ್ಚಾಗಿ ಕೊಂಕಣಿ. ಭಾನುವಾರದ ಸಂತೆ ತಪ್ಪಿಸಬೇಡಿ. ಅಂಕೋಲಾ ಕಡೆಯ ಹಾಲಕ್ಕಿ ಹೆಂಗಸರು ತರುವ ಸೊಪ್ಪು ತರಕಾರಿ, ಬೇಸಿಗೆಯಲ್ಲಿ ಕರಿ ಇಶಾಡು ಮಾವು. ಮೀನು ತಿನ್ನುವವರಿಗೆ ಬಂಗಡೆ, ತಾರ್ಲೆ, ಕೈಯಲ್ಲಿ ದುಡ್ಡಿದ್ದ ದಿನ ಇಸವಣ. ಊಟದ ಕೊನೆಗೆ ಸೋಲ್‌ಕಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಖಾನಾವಳಿಯ ತಾಟಿನಲ್ಲಿ ಮೀನು ಸಣ್ಣದಾಗಿ ಬೆಲೆ ದೊಡ್ಡದಾಗುತ್ತದೆ. ಸಸ್ಯಾಹಾರಿಗಳು ಹೆದರಬೇಕಿಲ್ಲ, ಬನ್ಸ್, ಅವಲಕ್ಕಿ ಸಿಗದ ಹೋಟೆಲಿಲ್ಲ.

ಸಮುದ್ರಕ್ಕೆ ಮಳೆಗಾಲದಲ್ಲಿ ಇಳಿಯಲೇಬೇಡಿ. ಈಜು ಬರುವವರೇ ಹೆಚ್ಚು ಮೋಸ ಹೋಗುತ್ತಾರೆ.

9. ಮನಸ್ಸು ಮಂಕಾದಾಗ

ಮನೆಯ ನೆನಪು ಎಲ್ಲರಿಗೂ ಬರುತ್ತದೆ, ಕೆಲಸದಲ್ಲಿ ಕರಗುತ್ತದೆ. ಅದಲ್ಲದ ಇನ್ನೊಂದು ಸ್ಥಿತಿ ಇದೆ. ಎರಡು ವಾರದಿಂದ ನಿದ್ದೆ ಸರಿ ಇಲ್ಲ, ಊಟ ಸೇರುತ್ತಿಲ್ಲ, ಆಟಕ್ಕೆ ಕರೆದರೆ ಬೇಡ, ಮನೆಯಿಂದ ಫೋನು ಬಂದರೆ ಎತ್ತಲು ಮನಸ್ಸಿಲ್ಲ. ಹೀಗಾದರೆ ಕಾಯಬೇಡಿ. ಡಿವಿಜನಲ್ ಆಫೀಸರ್ ಬಳಿ ಹೋಗಿ, ಅಥವಾ ನೇರ ವೈದ್ಯರ ಬಳಿ. ನೆಲೆಗೆ ಐಎನ್‌ಎಚ್‌ಎಸ್ ಪತಂಜಲಿ ಎಂಬ ಸ್ವಂತ ಆಸ್ಪತ್ರೆಯೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗಾಗಿಯೇ ಅದರ ಒಂದು ವಿಭಾಗ 2023ರ ಡಿಸೆಂಬರ್‌ನಿಂದ ಪುಣೆಯ ಸಶಸ್ತ್ರಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ನಡೆಯುತ್ತಿದೆ. ಮನೆಯಲ್ಲಿ ಹೆಂಡತಿಗೆ ಇದೇ ಸ್ಥಿತಿ ಬಂದರೂ ಆ ನಂಬರು ಅವಳದ್ದೂ ಹೌದು. ನೋಟ್‌ಬುಕ್ಕಿನಲ್ಲಿ ಬರೆದಿರಲಿ.

ಪಕ್ಕದ ಬಂಕಿನವನು ಹೀಗಿದ್ದರೆ, ‘ಗಂಡಸಾಗಿ ಇಷ್ಟಕ್ಕೆ ಕೂತ್ಕೊಂಡ್ಯಾ’ ಎನ್ನಬೇಡಿ. ಅವನ ಜೊತೆ ಆಸ್ಪತ್ರೆ ತನಕ ನಡೆಯಿರಿ.

10. ರಜೆ, ಭೇಟಿ, ಮರಳುವುದು

ಕಾಯಂ ನಾವಿಕರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ. ಅಗ್ನಿವೀರರಿಗೆ ಒಟ್ಟು 30 ದಿನ. ಹಡಗಿನ ಕಾರ್ಯಕ್ರಮ ನೋಡಿ ಕೊಡುತ್ತಾರೆ. ಈ ಕರಾವಳಿಯವರೆಲ್ಲ ಚೌತಿಗೆ ರಜೆ ಕೇಳುತ್ತಾರೆ, ಉತ್ತರದವರೆಲ್ಲ ದೀಪಾವಳಿ, ಛಟ್‌ಗೆ. ನೀವು ಯುಗಾದಿ, ಪಂಚಮಿ ಎಂದು ಕೇಳಿದರೆ ಪೈಪೋಟಿ ಕಡಿಮೆ. ಶಿರಸಿಯವರಿಗೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಅದಕ್ಕೆ ವರ್ಷದ ಆರಂಭದಲ್ಲೇ ಅರ್ಜಿ ಇಟ್ಟುಬಿಡಿ. ಎಲ್ಲ ದಿನಗಳನ್ನೂ ಒಂದೇ ಸಲ ತಿಂದು ಮುಗಿಸಬೇಡಿ. ಕೊನೆಗೊಂದು ವಾರ ಕೈಯಲ್ಲಿದ್ದರೆ ಆಸ್ಪತ್ರೆಗೋ ಸಾವಿಗೋ ಒದಗುತ್ತದೆ.

ಮನೆಯವರು ಕಾರವಾರಕ್ಕೆ ಬಂದರೆ ನೆಲೆಯೊಳಗೆ ಅನುಮತಿ ಇಲ್ಲದೆ ಕರೆದೊಯ್ಯಲಾಗದು. ಮಕ್ಕಳಿಗೆ ಟಾಗೋರ್ ಕಡಲತೀರದಲ್ಲಿ ಚಾಪಲ್ ಎಂಬ ಕ್ಷಿಪಣಿ ನೌಕೆಯನ್ನೇ ಮ್ಯೂಸಿಯಂ ಮಾಡಿಟ್ಟಿದ್ದಾರೆ, ಪಕ್ಕದಲ್ಲಿ ಟುಪೊಲೆವ್ ವಿಮಾನವೂ ಇದೆ. ಅಪ್ಪ ಎಂಥ ಕೋಣೆಯಲ್ಲಿ ಮಲಗುತ್ತಾನೆ, ಎಂಥ ಏಣಿ ಹತ್ತುತ್ತಾನೆ ಎಂದು ಅಲ್ಲಿ ತೋರಿಸಬಹುದು.

ರಜೆಗೆ ಮನೆ ತಲುಪಿದ ಮೊದಲ ಮೂರು ದಿನ ಯಾವುದನ್ನೂ ಬದಲಿಸಲು ಹೋಗಬೇಡಿ. ನೀವಿಲ್ಲದಾಗ ಆಕೆ ಮನೆಗೆ ಒಂದು ಕ್ರಮ ತಂದಿದ್ದಾಳೆ: ಹಾಲಿನವನ ಲೆಕ್ಕ, ಮಗನ ಓದಿನ ಹೊತ್ತು, ಮಾವನ ಮಾತ್ರೆ. ಬಂದವನೇ ‘ಇದ್ಯಾಕೆ ಹೀಗೆ?’ ಎಂದು ಶುರು ಮಾಡಿದರೆ ಹಡಗಿನ ತಪಾಸಣೆಯ ರೌಂಡ್ಸ್ ಮಾಡಿದಂತಾಗುತ್ತದೆ. ಒಂದು ಕೆಲಸ ಕೇಳಿ ಪಡೆಯಿರಿ, ಮಗಳನ್ನು ಶಾಲೆಗೆ ಬಿಡುವುದು ಸಾಕು. ಮಗು ಮೊದಲ ದಿನ ಹತ್ತಿರ ಬರದಿದ್ದರೆ ಎಳೆದು ಎತ್ತಿಕೊಳ್ಳಬೇಡಿ. ನಾಲ್ಕನೇ ದಿನ ನೋಟ್‌ಬುಕ್ ತೆರೆದು ಇಬ್ಬರೂ ಕೂತು ತಿದ್ದಿ. ಯಾರದೋ ನಂಬರು ಬದಲಾಗಿರುತ್ತದೆ, ಯಾವುದೋ ವಿಮೆಯ ಕಂತು ಮುಗಿದಿರುತ್ತದೆ.

ಮತದಾರರ ಪಟ್ಟಿಯ ಕೆಲಸವೂ ಬಾಕಿ ಇದ್ದರೆ ಸೇವಾ ಮತದಾರನಾಗಿ ಫಾರಂ 2 ತುಂಬಿ ಘಟಕದ ಮೂಲಕ ಕಳಿಸಿ, ಮತಪತ್ರ ಎಲೆಕ್ಟ್ರಾನಿಕ್ ಮೂಲಕ ನೀವಿದ್ದಲ್ಲಿಗೇ ಬರುತ್ತದೆ. ಮರಳುವ ಟಿಕೆಟ್ಟನ್ನು ಮಾತ್ರ ಊರಿಗೆ ಹೊರಡುವ ಮೊದಲೇ ಮಾಡಿಸಿ. ಪಂಚಗಂಗಾದಲ್ಲಿ ಹಬ್ಬದ ಮರುದಿನ ಸೀಟು ಸಿಗುವುದಿಲ್ಲ.